ಮಾಲಿನಿಯ ತಲೆಯ ಅಳತೆ

ಸ್ಟೋರ್‌ಕೀಪರನ ಕೆಲಸ ಮಾಡಿದವರಿಗೆ ಒಂದು ವಿಚಿತ್ರವಾದ ಸೊಕ್ಕು ಬಂದುಬಿಡುತ್ತದೆ. ಲೋಕದಲ್ಲಿರುವ ಪ್ರತಿಯೊಂದು ವಸ್ತುವಿಗೂ ಒಂದು ಕಪಾಟು, ಆ ಕಪಾಟಿಗೆ ಒಂದು ನಂಬರು ಇದ್ದೇ ಇದೆ, ಏನಾದರೂ ಕಾಣೆಯಾದರೆ ಅದು ಬೇರೆಯವರ ಬೇಜವಾಬ್ದಾರಿಯಿಂದ ಮಾತ್ರ ಎಂಬ ಸೊಕ್ಕು ಅದು. ನನಗೂ ಇತ್ತು. ಬಹರೈನಿನ ಒಂದು ಹಡಗು ರಿಪೇರಿ ಯಾರ್ಡಿನಲ್ಲಿ ಹನ್ನೊಂದು ವರ್ಷ ಸ್ಟೋರು ನೋಡಿಕೊಂಡವನು ನಾನು. ಇಬ್ಬರು ಹಿಡಿದರೂ ಏಳದ ವಾಲ್ವ್‌ಗಳಿಂದ ಹಿಡಿದು ಕಿರುಬೆರಳಿನ ಉಗುರಿನಷ್ಟಿದ್ದ ವಾಷರ್‌ಗಳವರೆಗೆ ಸಾವಿರಾರು ಸಾಮಾನು ನನ್ನ ಕೈದಾಟಿ ಹೋದವು, ಒಂದೂ ಕಳೆದುಹೋಗಲಿಲ್ಲ. ಈ ಮಾತನ್ನು ನಾನು ಈಗಲೂ ಮದುವೆ ಮನೆಗಳಲ್ಲಿ ಪಕ್ಕದ ಎಲೆಗೆ ಕೂತವರಿಗೆ ಹೇಳುವುದುಂಟು, ಅವರು ಕೇಳದಿದ್ದರೂ. ಹೇಳದೆ ಉಳಿಸಿಕೊಂಡದ್ದು ಒಂದೇ ಒಂದು ಸಂಗತಿ. ಆ ಹನ್ನೊಂದು ವರ್ಷಗಳಲ್ಲಿ ನಾನು ಒಂದು ದಾರ ಕಳೆದಿದ್ದೇನೆ. ಕೆಂಪು ದಾರ, ಸುಮಾರು ಒಂದು ಮೊಳ ಉದ್ದ. ಅದು ಕಂಪನಿಯದಾಗಿದ್ದರೆ ಒಂದು ಫಾರಂ ತುಂಬಿಸಿ ಬಚಾವಾಗುತ್ತಿದ್ದೆ. ಅದು ವಾಸು ಆಚಾರಿಯದಾಗಿತ್ತು.

ಆಗ ನಾವು ಮೂವರು ಬಹರೈನಿನ ರಾಜಧಾನಿ ಮನಾಮದ ಸೆಗಯಾ ಬಡಾವಣೆಯಲ್ಲಿ ಎರಡು ಕೋಣೆಯ ಒಂದು ಫ್ಲ್ಯಾಟಿನಲ್ಲಿದ್ದೆವು. ಸೌದಿಗೆ ಸಮುದ್ರದ ಮೇಲೆ ಸೇತುವೆ ಕಟ್ಟುತ್ತಾರಂತೆ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ. ಒಬ್ಬ ನಾನು, ಕುಂದಾಪುರದ ಕಡೆಯವನು. ಯಾರ್ಡಿನಲ್ಲಿ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ, ಊರಿನವರೆಲ್ಲ 'ರಾಯ್ರೆ' ಎಂದೇ ಕರೆಯುತ್ತಿದ್ದರು. ಇನ್ನೊಬ್ಬ ಲಾರೆನ್ಸ್, ಮೂಡಬಿದ್ರೆಯವನು, ಮನಾಮದ ಒಂದು ಹೋಟೆಲಿನ ಬೇಕರಿಯಲ್ಲಿ ಕೇಕ್ ಮಾಡುವವನು. ಅವನು ಮನೆಗೆ ತರುತ್ತಿದ್ದ ಮುರಿದ ಕೇಕುಗಳಿಂದಲೇ ನನ್ನ ಹೊಟ್ಟೆ ಈ ಆಕಾರಕ್ಕೆ ಬಂದದ್ದು. ಮೂರನೆಯವನು ವಾಸು. ಕಾರ್ಕಳದ ಹತ್ತಿರದ ಹಳ್ಳಿಯವನು. ಅವನ ಅಪ್ಪ, ಅಜ್ಜ ದೇವಸ್ಥಾನಗಳ ಗಂಟೆ, ದೀಪ, ಉತ್ಸವಮೂರ್ತಿಗಳನ್ನು ಕಂಚಿನಲ್ಲಿ ಎರಕ ಹೊಯ್ಯುತ್ತಿದ್ದವರು. ಇವನು ಯಾರ್ಡಿನ ಫೌಂಡ್ರಿಯಲ್ಲಿ ಮೋಲ್ಡರ್; ಮರಳಿನ ಅಚ್ಚು ಮಾಡಿ ಹಡಗಿನ ಪಂಪುಗಳಿಗೆ ಬುಷ್, ಅಂದರೆ ಒಳಗಿನ ದಂಡ ತಿರುಗುವ ಕಂಚಿನ ಬಳೆ, ಎರೆಯುವುದು ಅವನ ಕೆಲಸ. "ಮೂರ್ತಿ ಮಾಡುವವನಿಗೆ ಇಲ್ಲಿ ವೀಸಾ ಯಾರು ಕೊಡ್ತಾರೆ ರಾಯ್ರೆ? ಮೋಲ್ಡರ್ ಅಂತ ಬರೆಸಿಕೊಂಡು ಬಂದೆ. ಕಂಚು ಅದೇ ಅಲ್ವಾ, ಬಿಸಿ ಅದೇ ಅಲ್ವಾ," ಎನ್ನುತ್ತಿದ್ದ. ಆದರೆ ಕೈ ಸುಮ್ಮನಿರಬೇಕಲ್ಲ. ಅವನು ಎರೆದ ಬುಷ್ ನನ್ನ ಸ್ಟೋರಿಗೆ ಬಂದರೆ ಚೀಟಿ ನೋಡದೆಯೇ ಗುರುತು ಹಿಡಿಯಬಹುದಿತ್ತು. ಹಡಗಿನ ಹೊಟ್ಟೆಯೊಳಗೆ, ಮೀನಿನ ಕಣ್ಣಿಗೂ ಬೀಳದ ಜಾಗದಲ್ಲಿ ಕೂರಬೇಕಾದ ಬುಷ್ಷು ನಂದಾದೀಪದ ಹಾಗೆ ಹೊಳೆಯುತ್ತಿತ್ತು. ಒಬ್ಬ ಎಂಜಿನಿಯರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಅಳವಡಿಸುವುದೋ ಪೂಜೆ ಮಾಡುವುದೋ ಎಂದು ನನ್ನನ್ನೇ ಕೇಳಿದ್ದ.

ವಾಸು ಬಹರೈನಿಗೆ ಬಂದ ನಾಲ್ಕು ತಿಂಗಳಿಗೆ ಊರಿನಲ್ಲಿ ಅವನಿಗೆ ಹೆಣ್ಣುಮಗು ಹುಟ್ಟಿತು. ಮಾಲಿನಿ ಎಂದು ಹೆಸರಿಟ್ಟರು. ಕರಾರು ಎರಡು ವರ್ಷದ್ದು. ಅಷ್ಟರವರೆಗೆ ರಜೆ ಇಲ್ಲ. ಒಂದು ಫೋಟೋ ಬಂತು. ಕಾರ್ಕಳದ ಫೋಟೋಗ್ರಾಫರನ ಮುಂದೆ ಮಗು ಒಂದು ಕ್ಷಣವೂ ನೆಟ್ಟಗಿರಲಿಲ್ಲವೆಂದು ಕಾಣುತ್ತದೆ. ಫೋಟೋದಲ್ಲಿ ವಾಸುವಿನ ಹೆಂಡತಿ ಗಿರಿಜ ಸ್ಪಷ್ಟವಾಗಿದ್ದಳು, ಅತ್ತೆ ಸ್ಪಷ್ಟವಾಗಿದ್ದರು, ಹಿಂದಿನ ಪರದೆಯಲ್ಲಿ ಬರೆದ ತಾಜಮಹಲೂ ಸ್ಪಷ್ಟವಾಗಿತ್ತು. ಮಗು ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಬಿಳಿ ಮೋಡ. ವಾಸು ಆ ಮೋಡವನ್ನು ಭೂತಗನ್ನಡಿ ಹಿಡಿದು ನೋಡುತ್ತ ಕೂರುವುದನ್ನು ನೋಡಿ ನಾನೂ ಲಾರೆನ್ಸನೂ ನಗುತ್ತಿದ್ದೆವು, ಆಮೇಲೆ ನಗುವುದನ್ನು ಬಿಟ್ಟೆವು.

ಅದರ ಮುಂದಿನ ಕಾಗದದಲ್ಲಿ ಒಂದು ದಾರ ಬಂತು. ಗಲ್ಫಿನಲ್ಲಿದ್ದವರಿಗೆ ಇದೇನೂ ಹೊಸದಲ್ಲ. ಮಗುವಿನ ಸೊಂಟಕ್ಕೆ ಚಿನ್ನದ ಸರ ಬೇಕಾದರೆ ಮನೆಯವರು ಸೊಂಟದ ಅಳತೆಯ ದಾರ ಕಳಿಸುತ್ತಾರೆ. ಚಪ್ಪಲಿ ಬೇಕಾದರೆ ಕಾಗದದ ಮೇಲೆ ಪಾದವಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ಕಳಿಸುತ್ತಾರೆ. ನಾವೆಲ್ಲ ಅದನ್ನು ಅಂಗಡಿಗೆ ಒಯ್ದು, ಸಾಮಾನು ಕೊಂಡು ಬಂದು ದಾರವನ್ನು ಎಸೆಯುತ್ತಿದ್ದೆವು. ವಾಸು ಎಸೆಯಲಿಲ್ಲ. ದಾರದ ಎರಡು ತುದಿ ಸೇರಿಸಿ ಮೇಜಿನ ಮೇಲೆ ಉಂಗುರದ ಹಾಗೆ ಇಟ್ಟು ಬಹಳ ಹೊತ್ತು ನೋಡಿದ. "ಇಷ್ಟು ದಪ್ಪ ಉಂಟು ನೋಡಿ ಅವಳು," ಎಂದ. ಆ ದಿನವೇ ಹೆಂಡತಿಗೆ ಬರೆದ: ತಲೆಯ ಸುತ್ತಳತೆ ಕಳಿಸು, ಕಿವಿಯಿಂದ ಕಿವಿಗೆ ನೆತ್ತಿಯ ಮೇಲಿಂದ ಎಷ್ಟು ಕಳಿಸು, ಹಣೆಯಿಂದ ಗಲ್ಲದವರೆಗೆ ಕಳಿಸು. ಗಿರಿಜ ಜಾಣೆ. ಗೊಂದಲವಾಗದಿರಲಿ ಎಂದು ಬಣ್ಣಬಣ್ಣದ ದಾರ ಕಳಿಸಿದಳು. ತಲೆಯ ಸುತ್ತಿಗೆ ಕೆಂಪು, ನೆತ್ತಿಗೆ ಹಳದಿ, ಮುಖಕ್ಕೆ ಹಸಿರು, ಸೊಂಟಕ್ಕೆ ಬಿಳಿ. ಎರಡು ತಿಂಗಳಿಗೊಮ್ಮೆ ನಾಲ್ಕು ದಾರ ಬರತೊಡಗಿದವು. ವಾಸು ಅವುಗಳಿಗೆ ಪುಟ್ಟ ಚೀಟಿ ಕಟ್ಟಿ, ಬಂದ ತಾರೀಕು ಬರೆದು, ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದ. ಅವನ ನಡವಳಿಕೆಯಲ್ಲಿ ನನ್ನಂಥ ಸ್ಟೋರ್‌ಕೀಪರ್ ಮೆಚ್ಚುವಂಥ ಭಾಗ ಅದೊಂದೇ ಆಗಿತ್ತು. ಉಳಿದಂತೆ ಅವನು ಬೀಗದ ಕೈ, ಛತ್ರಿ, ಒಮ್ಮೆ ತನ್ನ ಗುರುತಿನ ಚೀಟಿಯನ್ನೇ ಕಳೆದುಕೊಂಡವನು, ಪ್ರತಿ ಸಲವೂ ನನ್ನಿಂದ ಅರ್ಧ ಗಂಟೆಯ ಉಪನ್ಯಾಸ ಕೇಳಿಸಿಕೊಂಡವನು.

ಈ ಅಳತೆಗಳಿಗೆ ಸರಿಯಾಗಿ ಮಗಳ ತಲೆ ಮಾಡಲು ಬೇಕಾದ ಮಣ್ಣು ಬಂದದ್ದು ಆಲಿ ಎಂಬ ಕುಂಬಾರರ ಊರಿನಿಂದ. ಒಂದು ಶುಕ್ರವಾರ ವಾಸುವಿನ ಜೊತೆ ನಾನೂ ಹೋಗಿದ್ದೆ. ಮಡಕೆ ಸುಡುವ ಭಟ್ಟಿಯ ಮುಂದೆ ಕೂತಿದ್ದ ಮುದುಕ ಕುಂಬಾರ ಮೊದಲು ಹೂಜಿ ಬೇಕೇ ಎಂದ, ಆಮೇಲೆ ಹೂದಾನಿ ಬೇಕೇ ಎಂದ. ಬರಿಯ ಮಣ್ಣು ಬೇಕು ಎಂದಾಗ ಅವನಿಗೆ ಅನುಮಾನ ಬಂತು. ವಾಸು ತನ್ನ ಹರಕುಮುರುಕು ಹಿಂದಿಯಲ್ಲಿ ಮಗಳ ವಿಷಯ ಹೇಳಿ, ಕೊನೆಗೆ ಜೇಬಿನಿಂದ ಕೆಂಪು ದಾರ ತೆಗೆದು ತೋರಿಸಿದ. ಮುದುಕ ಆ ದಾರವನ್ನು ತನ್ನ ಮೊಣಕಾಲಿನ ಸುತ್ತ ಹಿಡಿದು ನೋಡಿ, "ಮಾಶಾ ಅಲ್ಲಾ," ಎಂದು ನಕ್ಕ. ಒಳಗಿನಿಂದ ಚೆನ್ನಾಗಿ ಕಲಸಿ ಹದ ಮಾಡಿದ ಮಣ್ಣಿನ ಎರಡು ಮುದ್ದೆ ತರಿಸಿ ಕೊಟ್ಟ.

ಹೀಗೆ ಮಾಲಿನಿಯ ತಲೆ ನಮ್ಮ ಬಚ್ಚಲುಮನೆಯಲ್ಲಿ ಬೆಳೆಯತೊಡಗಿತು. ಇಡೀ ಫ್ಲ್ಯಾಟಿನಲ್ಲಿ ತಂಪಾದ ಜಾಗ ಅದೊಂದೇ. ಬೇರೆಲ್ಲಿಟ್ಟರೂ ಆ ಬಿಸಿಲೂರಿನಲ್ಲಿ ಮಣ್ಣು ಒಂದೇ ದಿನಕ್ಕೆ ಬಿರಿಯುತ್ತಿತ್ತು. ಮಗುಚಿಟ್ಟ ಬಕೆಟ್ಟಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ತಲೆ, ತಲೆಯ ಮೇಲೆ ಒದ್ದೆ ಬಟ್ಟೆ. ಮುಖ ಹೇಗಿರಬೇಕು ಎಂಬುದನ್ನು ದಾರ ಹೇಳುವುದಿಲ್ಲವಲ್ಲ. ಅದನ್ನು ನಾವು ಮೂವರು ಸೇರಿ ತೀರ್ಮಾನಿಸಿದೆವು. ಮೂಗು ಅಜ್ಜಿಯದ್ದೆಂದು ಗಿರಿಜ ಬರೆದಿದ್ದಳು. ಹಣೆ ಸ್ವಲ್ಪ ಅಗಲವಿರಲಿ, ವಿದ್ಯೆ ಹತ್ತುತ್ತದೆ ಎಂದು ನಾನು ಹೇಳಿದೆ. "ಮಗು ಅಂದ್ಮೇಲೆ ನಗ್ಬೇಕಪ್ಪ. ನಗು ಇಲ್ಲದ್ದು ನಾನು ಕೇಕಿನ ಮೇಲೂ ಇಡುದಿಲ್ಲ," ಎಂದು ಲಾರೆನ್ಸ್ ಹಟ ಹಿಡಿದು ಎರಡು ಗುಳಿ ಹಾಕಿಸಿದ. ಅದೇ ಲಾರೆನ್ಸ್ ಮಾರನೆಯ ದಿನ ಸ್ನಾನಕ್ಕೆ ಹೋದವನು ಟವೆಲು ಸುತ್ತಿಕೊಂಡು ಹೊರಗೆ ಬಂದ. "ಆ ಹೆಣ್ಣುಮಗು ನನ್ನನ್ನೇ ನೋಡ್ತದೆ ಮಾರಾಯ್ರೆ. ನಾನು ಹೇಗೆ ಮೀಯುದು?" ಅಂದಿನಿಂದ ನಮ್ಮಲ್ಲಿ ಯಾರು ಸ್ನಾನಕ್ಕೆ ಹೋದರೂ ಮೊದಲು ಅವಳನ್ನು ಗೋಡೆಯ ಕಡೆಗೆ ತಿರುಗಿಸುವುದು, ಮುಗಿದ ಮೇಲೆ ಮತ್ತೆ ನಮ್ಮ ಕಡೆಗೆ ತಿರುಗಿಸುವುದು ನಿಯಮವಾಯಿತು. ವಾಸುವಿಗೆ ಪಾಳಿಯ ಕೆಲಸ. ಹಾಗಾಗಿ ದಿನಕ್ಕೆ ಮೂರು ಸಲ ತಲೆಗೆ ನೀರು ಚಿಮುಕಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ನನಗೂ ಊರಿನಲ್ಲಿ ಮಗಳಿದ್ದಾಳೆ, ಉಷಾ. ಅವಳ ತಲೆಗೆ ನಾನು ಒಂದು ಚೊಂಬು ನೀರೂ ಹೊಯ್ದವನಲ್ಲ. ಅದೆಲ್ಲ ಹೆಂಗಸರ ಇಲಾಖೆ ಎಂದು ತಿಳಿದವನು, ಇಲ್ಲಿ ಮಣ್ಣಿನ ಮಗುವಿನ ಕಿವಿಯ ಹಿಂದೆ ಒಣಗಿದೆಯೋ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ.

ಪ್ರತಿ ಸಲ ಹೊಸ ದಾರ ಬಂದಾಗ ವಾಸು ಬಟ್ಟೆ ಸರಿಸಿ, ಮಣ್ಣು ಹಚ್ಚಿ, ತಲೆಯನ್ನು ಅಷ್ಟು ದೊಡ್ಡದು ಮಾಡುತ್ತಿದ್ದ. "ಎಂಥ ಕೆಲಸ ನೋಡಿ ರಾಯ್ರೆ. ಮಣ್ಣು ಒಣಗಿದ್ರೆ ಕುಗ್ತದೆ. ಕಂಚು ತಣಿದ್ರೆ ಕುಗ್ತದೆ. ಇವಳು ಮಾತ್ರ ಬೆಳೀತಾ ಹೋಗ್ತಾಳೆ. ನನ್ನ ಕೈಗೆ ಸಿಗುದೇ ಇಲ್ಲ." ಅವನ ಆಸೆ ಇದ್ದದ್ದು ಒಂದೇ. ಅವಳಿಗೆ ಒಂದು ವರ್ಷ ತುಂಬುವಾಗ ಆ ತಲೆಯನ್ನು ಕಂಚಿನಲ್ಲಿ ಎರೆಯಬೇಕು. ಒಂದು ಅಳತೆಯಲ್ಲಾದರೂ ಮಗಳು ತನ್ನ ಹತ್ತಿರ ನಿಲ್ಲಬೇಕು. ಫೌಂಡ್ರಿಯ ಫೋರ್‌ಮನ್, ಕೆಂಪು ಮೀಸೆಯ ಇಂಗ್ಲಿಷಿನವನು, ಒಪ್ಪಿದ್ದ. ದೊಡ್ಡದೊಂದು ಪಂಪಿನ ಎರಕ ಬರುವುದಿದೆ, ಅಂದು ಮೂಸೆಯಲ್ಲಿ ಉಳಿದ ಲೋಹ ನಿನ್ನ ಮಗಳಿಗೆ ಎಂದಿದ್ದ.

ಆ ಎರಕಕ್ಕೆ ಮೂರು ವಾರ ಇರುವಾಗ ಕಾಗದ ಬಂತು. ಯಾರ್ಡಿನ ಟಪಾಲು ನನ್ನ ಸ್ಟೋರಿಗೇ ಬರುವುದು. "ನನ್ನ ಕೈಯೆಲ್ಲ ಮರಳು, ಮಸಿ. ಕಾಗದ ಬಂದ್ರೆ ನೀವೇ ಒಡೆದು ದಾರ ಡಬ್ಬಿಗೆ ಹಾಕಿ," ಎಂದು ವಾಸು ಮೊದಲೇ ಹೇಳಿಟ್ಟಿದ್ದ. ಅಂದು ಅವನಿಗೆ ಎರಡನೆಯ ಪಾಳಿ. ನಾನು ಸಂಜೆ ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದು, ಕಿಟಕಿಯ ಏಸಿಯ ಗುಬ್ಬಿಯನ್ನು ಪೂರ್ತಿ ತಿರುಗಿಸಿ, ಅದರ ಬಾಯಿಗೇ ಮುಖವಿಟ್ಟು ನಿಂತು ಕಾಗದ ಒಡೆದೆ. ಇಷ್ಟು ಹೇಳಿದರೆ ಉಳಿದದ್ದು ನಿಮಗೆ ತಿಳಿಯಿತು. ನಾಲ್ಕು ದಾರಗಳೂ ಹಾರಿದವು. ಹಳದಿ ಮಂಚದ ಕೆಳಗೆ, ಹಸಿರು ಲಾರೆನ್ಸನ ಚಪ್ಪಲಿಯಲ್ಲಿ, ಬಿಳಿ ನನ್ನದೇ ಭುಜದ ಮೇಲೆ ಸಿಕ್ಕವು. ಕೆಂಪು ಸಿಗಲಿಲ್ಲ. ಚಾಪೆ ಎತ್ತಿದೆ, ಮಂಚ ಸರಿಸಿದೆ, ಮೊಣಕಾಲೂರಿ ಕೋಣೆಯನ್ನು ಅಂಗುಲ ಅಂಗುಲ ತಡವಿದೆ. ಇಲ್ಲ.

ಆಗಲೇ ಅವನಿಗೆ ಹೇಳಿಬಿಡಬಹುದಿತ್ತು. ಆದರೆ ಗುರುತಿನ ಚೀಟಿ ಕಳೆದದ್ದಕ್ಕೆ ನಾನು ಕೊಟ್ಟ ಉಪನ್ಯಾಸಕ್ಕೆ ಇನ್ನೂ ಎರಡು ವಾರ ಆಗಿರಲಿಲ್ಲ. ಯಾವ ಮುಖದಿಂದ ಹೇಳಲಿ? ಆ ಹೊತ್ತಿಗೆ ಲಾರೆನ್ಸನ ಕೇಕಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದಕ್ಕೆ ಕಟ್ಟಿದ ದಾರ ಕೆಂಪು. ಉದ್ದ ಎಷ್ಟು? ಇಲ್ಲಿ ನನ್ನ ಸ್ಟೋರಿನ ಅನುಭವ ನೆರವಿಗೆ ಬಂತು. ಸ್ಟೋರಿನಲ್ಲಿ ಒಂದು ಸಾಮಾನು ಮುಗಿದರೆ ಹಿಂದಿನ ಸಲ ಯಾವ ಅಳತೆಯದು ಬಂದಿತ್ತೋ ಅದೇ ಅಳತೆಯದನ್ನು ತರಿಸುವುದು ನಿಯಮ. ಬಿಸ್ಕತ್ತಿನ ಡಬ್ಬಿಯಿಂದ ಎರಡು ತಿಂಗಳ ಹಿಂದಿನ ಕೆಂಪು ದಾರ ತೆಗೆದು, ಪಕ್ಕದಲ್ಲಿ ಇದನ್ನು ಹಿಡಿದು, ಸರಿಸಮ ಕತ್ತರಿಸಿದೆ. ಎರಡೇ ತಿಂಗಳಲ್ಲಿ ಒಂದು ತಲೆ ಎಷ್ಟು ದೊಡ್ಡದಾದೀತು ಎಂದು ಸಮಾಧಾನ ಮಾಡಿಕೊಂಡೆ. ನನ್ನ ತಲೆಯಂತೂ ನಲವತ್ತು ವರ್ಷದಿಂದ ಹಾಗೆಯೇ ಇತ್ತು.

ಮರುದಿನ ಬೆಳಿಗ್ಗೆ ನಾನು ಗಡ್ಡ ಹೆರೆಯುತ್ತಿದ್ದೆ. ವಾಸು ಪಕ್ಕದಲ್ಲಿ ಕೂತು ಹೊಸ ದಾರವನ್ನು ಮಣ್ಣಿನ ತಲೆಗೆ ಸುತ್ತಿ ನೋಡಿದ. ಬಿಚ್ಚಿದ. ಮತ್ತೆ ಸುತ್ತಿದ. "ರಾಯ್ರೆ, ನೀವು ನೀರು ಸರಿಯಾಗಿ ಹಾಕ್ತಾ ಇದ್ರಿ ಅಲ್ವಾ?"

"ಹಾಕದೆ ಎಂತ? ದಿನಕ್ಕೆ ಮೂರು ಸಲ."

"ಮಣ್ಣು ಕುಗ್ಗಲಿಲ್ಲ. ದಾರ ಸರಿಯಾಗಿ ಕೂತ್ಕೊಳ್ತದೆ. ಹಾಗಾದ್ರೆ ಮಗುವಿನ ತಲೆಯೇ ಬೆಳೀಲಿಲ್ಲ."

ನನ್ನ ಕೈಯ ಬ್ಲೇಡು ಗಲ್ಲವನ್ನು ಗೀರಿತು. ಅವನು ಉಳಿದ ದಾರಗಳನ್ನೂ ಹಿಡಿದು ನೋಡಿದ. ನೆತ್ತಿಯದು ಬೆಳೆದಿತ್ತು, ಮುಖದ್ದು ಬೆಳೆದಿತ್ತು, ಸೊಂಟದ್ದು ಒಂದು ಅಂಗುಲವೇ ಬೆಳೆದಿತ್ತು. ಸುತ್ತಳತೆ ಮಾತ್ರ ನಿಂತುಬಿಟ್ಟಿತ್ತು. ಗಿರಿಜ ಅಳತೆ ತಪ್ಪಿರಬಹುದು ಎಂದು ನಾನು ಮೆಲ್ಲಗೆ ಹೇಳಿದೆ. "ಅವಳು ಆಚಾರಿ ಮನೆಯವಳು. ಅಳತೆ ತಪ್ಪುವವಳಲ್ಲ," ಎಂದ. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಮ್ಮ ಊರಲ್ಲಿ ಒಂದು ಹುಡುಗಿ ಇತ್ತು. ತಲೆ ಬೆಳೀಲಿಲ್ಲ. ಏಳು ವರ್ಷ ಆದ್ರೂ ಅಪ್ಪ ಅಂತ ಹೇಳ್ಲಿಕ್ಕೆ ಬರ್ಲಿಲ್ಲ," ಎಂದ. ನಿಜ ಹೇಳುವ ಬದಲು ಗಲ್ಲಕ್ಕೆ ಕಾಗದದ ಚೂರು ಅಂಟಿಸಿಕೊಂಡು ಬಸ್ಸಿಗೆ ಓಡಿದೆ.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ವಾಸು ಸರಿಯಾಗಿ ಊಟ ಮಾಡಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿದ. ಅವನ ಊರಿನಲ್ಲಿ ಫೋನಿದ್ದ ಏಕೈಕ ಅಂಗಡಿಗೆ ಲೈನು ಸಿಗಲಿಲ್ಲ. ಟೆಲಿಗ್ರಾಂ ಕೊಡುತ್ತೇನೆಂದ. "ಮಗುವಿನ ತಲೆ ಡಾಕ್ಟರಿಗೆ ತೋರಿಸು ಅಂತ ಟೆಲಿಗ್ರಾಂ ಹೋದ್ರೆ ಅಲ್ಲಿ ತಾಯಿಯೇ ಬಿದ್ದುಬಿಡ್ತಾಳೆ ಮಾರಾಯ," ಎಂದು ಲಾರೆನ್ಸ್ ತಡೆದ. ಕೊನೆಗೆ ವಾಸು ಫೋರ್‌ಮನ್ನನ ಎದುರು ಹೋಗಿ ನಿಂತು ತುರ್ತು ರಜೆ ಕೇಳಿದ. ಅವನು ಸಹಿ ಹಾಕಿಕೊಟ್ಟ. ಮುಂದಿನ ವಾರ ಎರಕವಿದೆಯಲ್ಲ, ತಲೆ ತರುವುದಿಲ್ಲವೇ ಎಂದು ಅವನು ಕೇಳಿದನಂತೆ. ಬೇಡ ಎಂದನಂತೆ ಇವನು. ಮನೆಗೆ ಬಂದು ನಮಗೆ ಹೇಳಿದ, "ಕಂಚಿನ ತಲೆ ಎಂತಕ್ಕೆ ಇನ್ನು? ಅಸಲು ತಲೆ ಹೇಗುಂಟು ನೋಡ್ಬೇಕು."

ಇಲ್ಲಿ ನನ್ನ ಬುದ್ಧಿಯ ಚಮತ್ಕಾರವನ್ನು ಹೇಳಲೇಬೇಕು. ರಜೆ ಸಿಕ್ಕಿತು ಎಂದಕೂಡಲೇ ನನ್ನ ಅಪರಾಧ ನನಗೆ ಪರೋಪಕಾರವಾಗಿ ಕಾಣತೊಡಗಿತು. ನಾನು ದಾರ ಕಳೆದದ್ದರಿಂದಲ್ಲವೇ ಒಬ್ಬ ತಂದೆ ಎಂಟು ತಿಂಗಳು ಮೊದಲೇ ಮಗಳ ಮುಖ ನೋಡುತ್ತಿರುವುದು? ಈಗ ನಿಜ ಹೇಳಿದರೆ ಅವನ ರಜೆ ತಪ್ಪಿಸಿದ ಪಾಪ ಬರುವುದಿಲ್ಲವೇ? ಇಂಥ ತರ್ಕವನ್ನು ಮಾಡಿಕೊಂಡು ನಾನು ಐದು ದಿನ ಕಳೆದೆ. ನಿಜ ಇಷ್ಟೇ: ನನಗೆ ಹೆದರಿಕೆ. ಬೊಟ್ಟು ತೋರಿಸಿ ಬೇರೆಯವರ ತಪ್ಪು ಹೇಳಿ ಅಭ್ಯಾಸವಾದವನಿಗೆ ಆ ಬೊಟ್ಟನ್ನು ತಿರುಗಿಸಿ ಹಿಡಿಯಲು ಬರುವುದಿಲ್ಲ.

ಶುಕ್ರವಾರ ಬೆಳಿಗ್ಗೆ ವಾಸು ಸೂಟ್‌ಕೇಸು ತುಂಬಿಸುತ್ತಿದ್ದ. ಮಧ್ಯಾಹ್ನದ ವಿಮಾನ. ನನ್ನ ಹತ್ತಿರ ಬಂದು ಒಂದು ಹಾಳೆ, ಪೆನ್ನು ಕೊಟ್ಟ. "ಮಣಿಪಾಲದ ಡಾಕ್ಟರಿಗೆ ಒಂದು ಕಾಗದ ಬರೆದು ಕೊಡಿ ರಾಯ್ರೆ. ನಿಮ್ಮ ಇಂಗ್ಲಿಷು ಚಂದ ಉಂಟು. ಎರಡು ತಿಂಗಳಿಂದ ತಲೆ ಬೆಳೀಲಿಲ್ಲ ಅಂತ ಸರಿಯಾಗಿ ಬರೀರಿ. ನಾನು ಹೇಳಿದ್ರೆ ಅವರಿಗೆ ಅರ್ಥ ಆಗ್ಲಿಕ್ಕಿಲ್ಲ." ನಾನು 'ಮಾನ್ಯರೇ' ಎಂದು ಬರೆದೆ. ಮಗುವಿನ ಹೆಸರು ಬರೆದೆ, ವಯಸ್ಸು ಬರೆದೆ. ಮುಂದೆ ಕೈ ಓಡಲಿಲ್ಲ. ನನ್ನ ಚಂದದ ಅಕ್ಷರದಲ್ಲಿ ಆ ಮಗುವಿಗೆ ನಾನೇ ಒಂದು ರೋಗ ಬರೆದುಕೊಡುತ್ತಿದ್ದೇನೆ ಎನಿಸಿತು. ಪೆನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಏಸಿ, ಹಾರಿದ ದಾರ, ಕೇಕಿನ ಪೆಟ್ಟಿಗೆ, ಹಳೆಯ ಅಳತೆ, ಯಾವುದನ್ನೂ ಬಿಡಲಿಲ್ಲ.

ವಾಸು ಸೂಟ್‌ಕೇಸಿನ ಮೇಲೆಯೇ ಕೂತ. ಅವನು ಬೈಯುತ್ತಾನೆ ಎಂದು ನಾನು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಹಾಗಾದ್ರೆ ತಲೆ ಬೆಳೆದಿದೆಯಾ ರಾಯ್ರೆ?"

"ಬೆಳೆದಿದೆ ಮಾರಾಯ. ಬೆಳೆದೇ ಇರ್ತದೆ."

"ನಿಮಗೆ ಹೇಗೆ ಗೊತ್ತು? ನೀವು ಆ ದಾರ ಅಳೆದು ನೋಡಿದ್ರಾ?"

ನಾನು ಕಳೆದದ್ದು ದಾರವನ್ನು ಮಾತ್ರವಲ್ಲ, ಅದರಲ್ಲಿದ್ದ ಅಳತೆಯನ್ನೂ ಎಂದು ಆಗ ಗೊತ್ತಾಯಿತು. ಅವನು ಎದ್ದು ಮುಖ ತೊಳೆದುಕೊಂಡು ಬಂದ. "ಹೇಗೂ ಹೋಗಿ ನೋಡಿಯೇ ಬರ್ತೇನೆ. ಸಹಿ ಆಗಿದೆ," ಎಂದ. ಬಾಗಿಲ ಹತ್ತಿರ ನಿಂತು, ನನ್ನ ಕೈ ಹಿಡಿದು, "ನೀರು ಹಾಕುದು ಮರೀಬೇಡಿ," ಎಂದ. ಅಷ್ಟೇ. ಅವನು ಹೋದ ಮೇಲೆ ಲಾರೆನ್ಸ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಮ್ಮಲ್ಲಾದ್ರೆ ಇಂಥದ್ದಕ್ಕೆ ಪಾದ್ರಿ ಹತ್ರ ಹೋಗ್ತೇವೆ. ನಿಮಗೆ ಬಾತ್‌ರೂಮೇ ಗತಿ. ಹೋಗಿ, ನೀರು ಹಾಕಿ."

ಹಾಕಿದೆ. ಅವನು ಊರಲ್ಲಿದ್ದ ನಲವತ್ತು ದಿನವೂ ದಿನಕ್ಕೆ ಮೂರರ ಬದಲು ಐದು ಸಲ ಹಾಕಿದೆ. ಲಂಚ್ ಹೊತ್ತಿಗೆ ಯಾರ್ಡಿನ ಡ್ರೈವರನನ್ನು ಕಾಡಿಬೇಡಿ ಮನೆಗೆ ಬಂದು ಹಾಕಿದ್ದೂ ಉಂಟು. ಒಬ್ಬನೇ ಇರುವಾಗ ಆ ತಲೆಯ ಜೊತೆ ಮಾತಾಡತೊಡಗಿದೆ. ಅವಳ ಅಪ್ಪ ಹೋದ ವಿಮಾನ ಸರಿಯಾಗಿ ತಲುಪಿದೆಯೆಂದೂ, ಈಗ ಅಲ್ಲಿ ಮಳೆಗಾಲವೆಂದೂ ಹೇಳುತ್ತಿದ್ದೆ. ಮೂರನೆಯ ವಾರದಲ್ಲಿ ಏಸಿಯಿಂದ ನೀರು ಸೋರಿತು. ಅದರ ಜಾಲರಿ ಬಿಚ್ಚಿ ಧೂಳು ತಟ್ಟುವಾಗ ಒಳಗೆ ಕೆಂಪಗೆ ಏನೋ ಕಂಡಿತು. ಎಳೆದೆ. ಸುರುಳಿ ಬಿಡಿಸಿಕೊಂಡು ಅದು ಉದ್ದಕ್ಕೆ ಹೊರಗೆ ಬಂತು. ಏಸಿ ಗಾಳಿ ಬಿಡುವುದಷ್ಟೇ ಅಲ್ಲ, ಹೀರಿಕೊಳ್ಳುತ್ತದೆ ಕೂಡ ಎಂಬುದು ವರ್ಷಗಟ್ಟಲೆ ಏಸಿಯ ಬಿಡಿಭಾಗ ಹಂಚಿದ ನನಗೆ ಹೊಳೆದಿರಲಿಲ್ಲ. ಬಚ್ಚಲಿಗೆ ಓಡಿ, ಒದ್ದೆ ಬಟ್ಟೆ ಸರಿಸಿ, ದಾರವನ್ನು ಮಣ್ಣಿನ ತಲೆಗೆ ಸುತ್ತಿದೆ. ಎರಡು ತುದಿ ಒಂದನ್ನೊಂದು ದಾಟಿ ಒಂದು ಬೆರಳಿನಷ್ಟು ಉಳಿಯಿತು. ಬೆಳೆದಿತ್ತು. ಒಂದು ಬೆರಳು ಬೆಳೆದಿತ್ತು. ನಾನು ಬಚ್ಚಲಿನ ನೆಲದ ಮೇಲೆ ಕೂತು ಅತ್ತೆ. ಲಾರೆನ್ಸ್ ಬಂದು, ವಿಷಯ ತಿಳಿದು, ಅವನೂ ದಾರ ಸುತ್ತಿ ನೋಡಿ, ಆ ದಿನ ಮುರಿಯದ ಕೇಕ್ ತಂದ.

ವಾಸು ಮರಳಿ ಬಂದಾಗ ಸೊರಗಿದ್ದ, ಆದರೆ ಕಣ್ಣಿನ ಕಳೆಯೇ ಬೇರೆಯಾಗಿತ್ತು. ಮಗು ಹೇಗಿದೆ ಎಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು. "ತಲೆಗೆ ಎಂತದೂ ಆಗ್ಲಿಲ್ಲ. ಗಂಟಲು ಉಂಟಲ್ಲ, ಅದು ನಮ್ಮ ಅಪ್ಪ ಎರೆದ ಗಂಟೆಗಿಂತ ಜೋರು. ನನ್ನನ್ನು ನೋಡಿದ್ರೆ ಸಾಕು, ಕೂಗುದು. ಹತ್ರ ಹೋದ್ರೆ ಕೂಗುದು, ದೂರ ನಿಂತ್ರೂ ಕೂಗುದು. ಇಪ್ಪತ್ತು ದಿನ. ಯಾರೋ ಕಳ್ಳ ಮನೆಗೆ ಬಂದಿದ್ದಾನೆ ಅಂತ ಅವಳ ಲೆಕ್ಕ," ಎಂದು ನಗುತ್ತ ಹೇಳಿದ. ಇಪ್ಪತ್ತೊಂದನೆಯ ದಿನ ಅವಳು ತಾನಾಗಿಯೇ ತೆವಳಿಕೊಂಡು ಬಂದು ಅವನ ಎದೆಯ ಮೇಲೆ ನಿದ್ದೆ ಹೋದಳಂತೆ. ಇವನು ಮಧ್ಯಾಹ್ನದಿಂದ ಸಂಜೆಯವರೆಗೆ ಮಗ್ಗುಲು ಬದಲಿಸದೆ ಮಲಗಿದನಂತೆ. ಅಳತೆ ತಂದೆಯಾ ಎಂದು ನಾನು ಕೇಳಿದೆ. "ಅಯ್ಯೋ, ಅಳತೆ ತಗೊಳ್ಳುದು ನೆನಪೇ ಆಗ್ಲಿಲ್ಲ ರಾಯ್ರೆ."

ನಾನು ಹೆಮ್ಮೆಯಿಂದ ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಟ್ಟೆ ಸರಿಸಿದೆ. ಎಲ್ಲಿಯೂ ಒಂದು ಬಿರುಕಿಲ್ಲ. ಅಗಲವಾದ ಹಣೆ, ಅಜ್ಜಿಯ ಮೂಗು, ಎರಡು ಗುಳಿ, ಮುಗುಳುನಗೆ. ವಾಸು ಅದನ್ನು ಹಿಂದೆ ಮುಂದೆ ನೋಡಿ, "ಇದು ಯಾರು?" ಎಂದ.

ಆ ಸಂಜೆಯೇ ಅವನು ಅದನ್ನು ಕೆಡವಿ ಬಕೆಟ್ಟಿಗೆ ಹಾಕಿ ನೆನೆಸಿದ. ಆ ಬಕೆಟ್ಟಿಗೆ ನೀರು ಹೊಯ್ದವನು, ನಲವತ್ತು ದಿನದ ಅಭ್ಯಾಸದಿಂದ, ನಾನೇ. ಒಂದು ವಾರದಲ್ಲಿ ಹೊಸ ತಲೆ ಎದ್ದಿತು. ಈ ಸಲ ದಾರವಿಲ್ಲ, ಸಭೆಯಿಲ್ಲ. ಆಗಾಗ ಕಣ್ಣು ಮುಚ್ಚಿ ಎರಡೂ ಅಂಗೈಯಲ್ಲಿ ಮಣ್ಣನ್ನು ಹಿಡಿದುಕೊಳ್ಳುತ್ತಿದ್ದ. ಮುಗಿದಾಗ ನೋಡಿದರೆ ಹುಬ್ಬು ಗಂಟಿಕ್ಕಿದೆ, ಮೂಗು ಸುಕ್ಕಾಗಿದೆ, ಬಾಯಿ ಅಗಲವಾಗಿ ತೆರೆದಿದೆ, ಕೆಳಗೆ ಎರಡೇ ಎರಡು ಹಲ್ಲು. ಇಡೀ ಕೇರಿಗೆ ಕೇಳುವಂತೆ ಕೂಗುತ್ತಿದೆ. ಲಾರೆನ್ಸ್ ಅದನ್ನು ಸುತ್ತಲೂ ನೋಡಿ, "ಈಗ ಮಗು ಆಯ್ತು," ಎಂದ. ನಗುವ ಮುಖ ಮಾಡಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ ವಾಸು ಹೇಳಿದ, "ನನಗೆ ಅವಳು ತೋರಿಸಿದ ಮುಖ ಇದು. ಇಪ್ಪತ್ತು ದಿನ ತೋರಿಸಿದ್ದಾಳೆ. ಇದನ್ನೇ ಇಟ್ಕೊಳ್ತೇನೆ." ಫೋರ್‌ಮನ್ ಮಾತು ತಪ್ಪಲಿಲ್ಲ. ಇನ್ನೊಂದು ಎರಕದ ದಿನ ಮೂಸೆಯಲ್ಲಿ ಉಳಿದ ಕಂಚನ್ನು ಅವನೇ ನಿಂತು ಹೊಯ್ಯಿಸಿದ. ತಣಿದ ಮೇಲೆ ಮರಳು ಒಡೆದಾಗ ಫೌಂಡ್ರಿಯ ಅಷ್ಟೂ ಜನ, ಪಠಾಣರು, ಫಿಲಿಪ್ಪೀನಿನವರು, ನಮ್ಮವರು ಸುತ್ತ ನಿಂತು ಆ ಅಳುವ ಕಂಚನ್ನು ನೋಡಿ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಅದರ ತಲೆ ಸವರಿದರು. ಅಲ್ಲಿದ್ದ ಬಹಳ ಜನರಿಗೆ ಮಕ್ಕಳು ದೂರದಲ್ಲಿದ್ದರು.

ಅದರ ಮರುದಿನ ನಾನೂ ರಜೆಗೆ ಬರೆದೆ. ನಾನಿಲ್ಲದೆ ಸ್ಟೋರು ನಡೆಯುವುದಿಲ್ಲ ಎಂದುಕೊಂಡು ಒಂದು ರಜೆಯನ್ನು ಬಿಟ್ಟುಕೊಟ್ಟವನು. ಮನೆ ನೋಡಿ ಮೂರೂವರೆ ವರ್ಷವಾಗಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ. ಉಷಾ ಕೂಗುತ್ತಾಳೋ? ಹದಿಮೂರು ವರ್ಷದ ಹುಡುಗಿ, ಕೂಗಲಿಕ್ಕಿಲ್ಲ. ಓಡಿ ಬಂದಾಳು. ಮುನಿಸಿಕೊಂಡಾಳು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಜಗಳವಾಡಿಯಾಳು. ಯಾವುದಕ್ಕೂ ನಾನು ತಯಾರಾಗಿದ್ದೆ. ಇಪ್ಪತ್ತು ದಿನ ಕೂಗಿಸಿಕೊಳ್ಳುವುದಕ್ಕೂ ತಯಾರಾಗಿದ್ದೆ.

ಮನೆ ತಲುಪಿದಾಗ ಹೆಂಡತಿ ಹಿತ್ತಿಲಲ್ಲಿದ್ದಳು. ಬಾಗಿಲು ತೆರೆದದ್ದು ಎರಡು ಜಡೆಯ, ನನ್ನ ಭುಜದೆತ್ತರದ ಒಬ್ಬ ಹುಡುಗಿ. ಅವಳು ನನ್ನನ್ನು ನೋಡಿ ಅಳಲಿಲ್ಲ, ಓಡಿ ಬರಲೂ ಇಲ್ಲ. ಇಲ್ಲದ ಸೆರಗನ್ನು ಸರಿಪಡಿಸಿಕೊಳ್ಳುವವಳಂತೆ ಹೆಗಲ ಮೇಲೆ ಕೈಯಾಡಿಸಿಕೊಂಡು, ಬಹಳ ಮರ್ಯಾದೆಯಿಂದ ಕುರ್ಚಿ ಎಳೆದು ಹಾಕಿ, ಒಂದು ಲೋಟ ನೀರು ತಂದಿಟ್ಟಳು.

"ಕೂತ್ಕೊಳ್ಳಿ. ಅಮ್ಮನನ್ನು ಕರೀತೇನೆ. ನಿಮಗೆ ಕಾಫಿಯಾ, ಚಾಯವಾ?"

"ಯಾವುದಾದ್ರೂ ಆಗ್ತದೆ," ಎಂದೆ ನಾನು. "ತೊಂದರೆ ತಗೊಳ್ಬೇಡಿ."